ಬೀಳಗಿ ಲೈನು

ಪಾಂಡಪ್ಪ ಆ ಮಾತು ಆಡಿ ಎರಡು ವರ್ಷವಾಗಿತ್ತು. ಆಡಿದವನು ಮರೆತಿದ್ದ. ಕೇಳಿ ನಕ್ಕ ಮುನ್ನೂರು ಮಂದಿಯಲ್ಲಿ ಹೆಚ್ಚಿನವರೂ ಮರೆತಿದ್ದರು. ಶಶಿಕಾಂತನೊಬ್ಬ ಮರೆತಿರಲಿಲ್ಲ, ಮರೆಯುವ ಮನಸ್ಸೂ ಅವನಿಗಿರಲಿಲ್ಲ.

ಅದು ೧೯೯೯ರ ಬೇಸಿಗೆ. ಬೀಳಗಿಯ ಶಾಲೆಯೊಂದರಲ್ಲಿ ಕಬ್ಬು ಬೆಳೆಗಾರರ ಸಭೆ ಸೇರಿತ್ತು. ಜಮಖಂಡಿ ಬಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ಬಲ್ಲವನೆಂದರೆ ಶಶಿಕಾಂತ ಒಬ್ಬನೇ. ಕಾರ್ಖಾನೆ ಆ ವರ್ಷ ಯುನಿಕ್ಸ್ ಯಂತ್ರವೊಂದನ್ನು ಕೊಂಡಿತ್ತು. ಬೀಳಗಿ, ಮುಧೋಳ, ಬನಹಟ್ಟಿಯ ವಿಭಾಗ ಕಚೇರಿಗಳು ಕೂತಲ್ಲಿಂದಲೇ ಟೆಲಿಫೋನ್ ಲೈನಿನ ಮೇಲೆ ಅದರ ಜೊತೆ ಮಾತಾಡಬಹುದು. ಯಾರ ಕಬ್ಬು ಯಾವ ದಿನ ನಾಟಿಯಾಯಿತು ಎಂದು ಬರೆಸಿದರೆ ಸಾಕು, ಯಾರ ಕಬ್ಬು ಯಾವ ದಿನ ಕಡಿಯಬೇಕೆಂಬ ಪಾಳಿಯನ್ನು ಯಂತ್ರವೇ ಹಾಕುತ್ತದೆ. ಇದನ್ನು ರೈತರಿಗೆ ತೋರಿಸಲು ಶಶಿಕಾಂತ ಇಸ್ತ್ರಿ ಅಂಗಿ ತೊಟ್ಟು, ಬಗಲಲ್ಲಿ ಮೋಡೆಮ್ ಹಿಡಿದುಕೊಂಡು ಹೋಗಿದ್ದ.

ಮೋಡೆಮ್ ಎಂದರೆ ಕಂಪ್ಯೂಟರಿನ ಮಾತನ್ನು ಟೆಲಿಫೋನಿನ ಸದ್ದಾಗಿ ಮಾಡುವ ಪೆಟ್ಟಿಗೆ. ಆ ದಿನ ಅದು ಸದ್ದನ್ನು ಮಾತ್ರ ಮಾಡಿತು. ಅಲ್ಲಿನ ಹಳೇ ಎಕ್ಸ್‌ಚೇಂಜಿಗೆ ಟಕಟಕ ಎಂದು ನಂಬರು ಒತ್ತುವ ಪಲ್ಸ್ ಪದ್ಧತಿಯೊಂದೇ ಗೊತ್ತು. ಶಶಿಕಾಂತ ಮೋಡೆಮ್ಮನ್ನು ಟೋನ್ ಪದ್ಧತಿಗೆ ಇಟ್ಟು ಬಂದಿದ್ದ. ಅದನ್ನು ತಿದ್ದುವಷ್ಟರಲ್ಲಿ ಹತ್ತು ನಿಮಿಷ. ಆಮೇಲೆ ಲೈನು ಸೇರಿತು, ಆದರೆ ವೇಗವನ್ನು ಆಸೆಬುರುಕನ ಹಾಗೆ ಮೇಲಕ್ಕಿಟ್ಟಿದ್ದರಿಂದ ನಿಲ್ಲಲೊಲ್ಲದು. ಕಿರ್ರ್ ಎನ್ನುವುದು, ಕಡಿದುಹೋಗುವುದು, ಮತ್ತೆ ಕಿರ್ರ್. ಮುಂದಿನ ಸಾಲಿನಲ್ಲಿ ಕೂತಿದ್ದ ಪಾಂಡಪ್ಪ ರುಮಾಲು ಸರಿಮಾಡಿಕೊಂಡು ಎದ್ದು ನಿಂತ.

"ಏ ಶಶಿ, ಇದು ಪೆಟ್ಟಿಗ್ಯೋ ಹಂದಿ ಮರಿಯೋ? ಯಾರರ ಅದರ ಕಾಲ ಬಿಡ್ರಲೇ, ಪಾಪ!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ವೇದಿಕೆಯ ಮೇಲಿದ್ದ ನಿರ್ದೇಶಕರೂ ನಕ್ಕರು. ಅಂದಿನಿಂದ ಬೀಳಗಿ ಸೀಮೆಯಲ್ಲಿ ಶಶಿಕಾಂತ 'ಕಿರ್ರಪ್ಪ' ಆದ. ಸಿಸ್ಟಮ್ ಅಧಿಕಾರಿಯ ಹುದ್ದೆ ಅವನಿಗೇ ಎಂದು ಹೇಳಿದ್ದವರು 'ಇನ್ನೊಂದು ವರ್ಷ ನೋಡೋಣ' ಎಂದರು. ಮಹಾಲಿಂಗಪುರದಿಂದ ಬಂದಿದ್ದ ಹೆಣ್ಣಿನ ಮಾತು ಅಲ್ಲಿಗೇ ನಿಂತಿತು. ಅವರು ಹೇಳಿದ ಕಾರಣ ಬೇರೆ. ಶಶಿಕಾಂತ ಅದನ್ನು ನಂಬಲಿಲ್ಲ. ಟೋನು, ಪಲ್ಸು, ವೇಗ, ಮೂರೂ ತನ್ನ ತಪ್ಪುಗಳೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಸಿಟ್ಟು ಇಮ್ಮಡಿಯಾಗಿ ಪಾಂಡಪ್ಪನ ಮೇಲೆ ಹೋಯಿತು.

ಪಾಂಡಪ್ಪ ಹೊರಗಿನವನಲ್ಲ. ಒಂದೇ ಊರು, ಒಂದೇ ಬೀರಪ್ಪನ ಒಕ್ಕಲು, ಕರೆಯುವುದು ಕಾಕಾ ಎಂದು. ಶಶಿಕಾಂತನ ತಾಯಿ ಹೊಳೆವ್ವನ ಜಮೀನಿನಲ್ಲಿ ಹೆಚ್ಚಿನದು ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ಉಳಿದದ್ದು ಮೂರು ಎಕರೆ. ಅದು ಇರುವುದು ಪಾಂಡಪ್ಪನ ಐದು ಎಕರೆಯ ಹಿಂದೆ, ಹೊಳೆಯ ಕಡೆಗೆ. ಮುಂದೆ ರಸ್ತೆ ಪಕ್ಕ ಪಾಂಡಪ್ಪನ ಕಬ್ಬು, ನಡುವೆ ಒಡ್ಡು, ಹಿಂದೆ ಹೊಳೆವ್ವನ ಕಬ್ಬು, ಅದರಾಚೆ ಹೊಳೆದಂಡೆಯ ಬಂಡಿದಾರಿ. ಊರಿನ ಮನೆ ಮುಳುಗಿದ ಮೇಲೆ ಹೊಳೆವ್ವ ಪುನರ್ವಸತಿ ಕೇಂದ್ರದ ತಗಡಿನ ಷೆಡ್ಡಿನಲ್ಲಿದ್ದಳು. ಪಕ್ಕದಲ್ಲೇ ಹೊಸ ಮನೆಯ ಗೋಡೆಗಳು ಎದೆಮಟ್ಟಕ್ಕೆ ಬಂದು ನಿಂತಿದ್ದವು. ಈ ಸಲದ ಕಬ್ಬು ಕಾರ್ಖಾನೆ ಸೇರಿದರೆ ಮೇಲೆ ಛತ್ತು ಬೀಳುತ್ತದೆ ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಹಳೇ ಮನೆಯಿಂದ ಅವಳು ಕಿತ್ತು ತಂದದ್ದು ತೊಲೆಗಳು, ಬಾಗಿಲು. ಶಶಿಕಾಂತನ ಮೇಜಿಗೆ ಕಾರ್ಖಾನೆ ನೇರ ಟೆಲಿಫೋನ್ ಕೊಟ್ಟ ವರ್ಷ, ಅವನು ಹೆಮ್ಮೆಯಿಂದ ಆ ಬಾಗಿಲಿನ ಹಿಂದೆ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದ. ಬಾಗಿಲಿನ ಜೊತೆ ನಂಬರೂ ಷೆಡ್ಡಿಗೆ ಬಂದಿತ್ತು. ಹೊಳೆವ್ವ ಎಂದೂ ಫೋನು ಮಾಡಿದವಳಲ್ಲ. ಹೇಳುವುದಿದ್ದರೆ ಜಮಖಂಡಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ರೊಟ್ಟಿಗಂಟಿನ ಜೊತೆ ಹೇಳಿ ಕಳಿಸುತ್ತಿದ್ದಳು.

ಪಾಂಡಪ್ಪನಿಗೆ ಏನು ಮಾಡಬೇಕೆಂಬುದು ೨೦೦೧ರ ಶ್ರಾವಣದಲ್ಲಿ ಶಶಿಕಾಂತನಿಗೆ ಹೊಳೆಯಿತು. ಹೊಡೆಯುವುದು, ಬೆಂಕಿ ಹಚ್ಚುವುದು ದಡ್ಡರ ಕೆಲಸ. ಪಾಂಡಪ್ಪನ ಕಬ್ಬು ನಾಟಿಯಾದದ್ದು ಹಿಂದಿನ ವರ್ಷ ಅಕ್ಟೋಬರ್ ಹದಿನಾಲ್ಕಕ್ಕೆ. ಪಾಳಿ ಬರುವುದು ನವೆಂಬರ್ ಕೊನೆಗೆ. ಆ ತಾರೀಖನ್ನು ಈ ವರ್ಷದ ಫೆಬ್ರುವರಿ ಹದಿನಾಲ್ಕು ಎಂದು ಮಾಡಿದರೆ ಪಾಳಿ ಮಾರ್ಚ್ ದಾಟುತ್ತದೆ. ಅಷ್ಟರಲ್ಲಿ ಕಬ್ಬು ಸೂಲಂಗಿ ಹೂ ಬಿಟ್ಟು, ಒಳಗೆ ಬೆಂಡಾಗಿ, ತೂಕ ಕಳೆದುಕೊಂಡು ನಿಂತಲ್ಲೇ ಒಣಗುತ್ತದೆ. ಕೊಡಲಿ ಹಿಡಿಯದೆ, ಗದ್ದೆಗೆ ಕಾಲಿಡದೆ, ನಾಲ್ಕು ಅಂಕಿಗಳಲ್ಲಿ ಐದು ಎಕರೆ ಕಬ್ಬು ಉರುವಲು. ಮುನ್ನೂರು ಮಂದಿ ಎದುರು ಆಡಿಕೊಂಡವನು ಅದೇ ಪೆಟ್ಟಿಗೆಯ ಮುಂದೆ ಕೈ ಕಟ್ಟಿ ನಿಲ್ಲಬೇಕು.

ಆದರೆ ಆ ಅಂಕಿ ಬದಲಿಸುವ ಕೈ ಶಶಿಕಾಂತನದೆಂದು ಕಾಣಬಾರದು. ಯಂತ್ರಕ್ಕೆ ಒಂದು ಗುಣವಿತ್ತು, ಅದನ್ನು ಕಲಿಸಿದವನು ಅವನೇ: ಪ್ರತಿ ತಿದ್ದುಪಡಿಯ ಪಕ್ಕ ತಿದ್ದಿದವರ ಹೆಸರು, ಹೊತ್ತು, ಯಾವ ಲೈನಿನಿಂದ ಎಂಬುದನ್ನು ಅದು ಬರೆದಿಡುತ್ತಿತ್ತು. ಅವನ ಮೇಜಿನಿಂದ ಮಾಡಿದರೆ ಅವನ ಹೆಸರೇ. ಅಳಿಸಬಹುದು, ಆದರೆ ಅಳಿಸಿದ ಜಾಗವೂ ಒಂದು ಗುರುತು. ತಿದ್ದುಪಡಿ ಬೀಳಗಿಯಿಂದ, ಬೀಳಗಿ ಗುಮಾಸ್ತೆಯ ಹೆಸರಿನಲ್ಲಿ, ಅವಳು ದಿನವೂ ಕೆಲಸ ಮಾಡುವ ಹೊತ್ತಿನಲ್ಲೇ ಆಗಬೇಕು.

ಬೀಳಗಿ ಗುಮಾಸ್ತೆ ರಂಜನಾ ಒಳ್ಳೆಯ ಹುಡುಗಿ, ಕೆಟ್ಟ ಅಭ್ಯಾಸದವಳು. ದಿನವೂ ಬೆಳಿಗ್ಗೆ ಹನ್ನೊಂದಕ್ಕೆ ಲೈನು ಹಚ್ಚಿ, ಇಪ್ಪತ್ತು ನಿಮಿಷ ತಿದ್ದುಪಡಿ ಬರೆಸಿ, ಮುಗಿಯಿತೆಂದರೆ ಯಂತ್ರಕ್ಕೆ ಹೋಗಿಬರುತ್ತೇನೆ ಎಂದು ಹೇಳದೆ ಮೋಡೆಮ್ಮಿನ ಪ್ಲಗ್ಗನ್ನೇ ಕಿತ್ತುಬಿಡುತ್ತಿದ್ದಳು. ಎಸ್‌ಟಿಡಿ ಮೀಟರು ಓಡುತ್ತದೆಂಬ ಕಾಳಜಿ ಅವಳದು. ಶಶಿಕಾಂತ ಈ ಬಗ್ಗೆ ನೂರು ಸಲ ಬೈದಿದ್ದ. ಶ್ರಾವಣದಿಂದ ಬೈಯುವುದನ್ನು ನಿಲ್ಲಿಸಿದ.

ಲೈನು ಕಡಿದಾಗ ಮೋಡೆಮ್ ಆ ಸುದ್ದಿಯನ್ನು ಯಂತ್ರಕ್ಕೆ ಮುಟ್ಟಿಸುತ್ತದೆ, ಯಂತ್ರ ಆ ಬಾಗಿಲು ಹಾಕಿಕೊಳ್ಳುತ್ತದೆ. ಮುಂದೆ ಕರೆದವರು ಮತ್ತೆ ಹೆಸರು, ಗುಪ್ತಪದ ಹೇಳಲೇಬೇಕು. ಆದರೆ ಯುನಿಕ್ಸಿನಲ್ಲಿ ಪೋರ್ಟನ್ನು, ಅಂದರೆ ಮೋಡೆಮ್ ಸಿಕ್ಕಿಸುವ ಕಂಡಿಯನ್ನು, ಎರಡು ಬಗೆಯಲ್ಲಿ ತೆರೆದಿಡಬಹುದು. ಒಂದು ಬಗೆಯಲ್ಲಿ ಯಂತ್ರ ಮೋಡೆಮ್ಮಿನ ಮಾತಿಗೆ ಕಿವಿಗೊಡುತ್ತದೆ, ಇನ್ನೊಂದರಲ್ಲಿ ಕೊಡುವುದಿಲ್ಲ. ಪೋರ್ಟುಗಳ ಪಟ್ಟಿಯಿರುವ ಕಡತದಲ್ಲಿ ಒಂದು ಸಾಲು ಬದಲಿಸಿದರೆ ಸಾಕು, ಲೈನು ಕಡಿದರೂ ಯಂತ್ರಕ್ಕೆ ತಿಳಿಯದು. ರಂಜನಾ ಎದ್ದುಹೋದ ಮೇಲೂ ಅವಳ ಬಾಗಿಲು ತೆರೆದೇ ಇರುತ್ತದೆ. ಆಗ ಅದೇ ನಂಬರಿಗೆ ಯಾರು ಕರೆದರೂ ನೇರ ಅವಳ ಕುರ್ಚಿಯಲ್ಲಿ ಹೋಗಿ ಕೂರುತ್ತಾರೆ. ಹೆಸರು ಕೇಳುವವರಿಲ್ಲ, ಗುಪ್ತಪದ ಕೇಳುವವರಿಲ್ಲ.

ಕರೆಯಲು ಅವನಿಗೆ ಎರಡನೇ ಲೈನು, ಕಪಾಟಿನಲ್ಲಿದ್ದ ಇನ್ನೊಂದು ಮೋಡೆಮ್ ಎರಡೂ ಇದ್ದವು. ಮೋಡೆಮ್ ಬಂದಾಗ ಹಿಂದೆ ತನ್ನ ಮೇಜಿನ ಮೇಲಿದ್ದ ಲೈನನ್ನೇ ಅದಕ್ಕೆ ಕೊಟ್ಟು, ತಾನು ಹೊಸ ನಂಬರು ತೆಗೆದುಕೊಂಡಿದ್ದ. ಒಂದೇ ಊರಿನ ಒಂದು ನಂಬರಿನಿಂದ ಇನ್ನೊಂದಕ್ಕೆ ಮಾಡಿದ ಕರೆಗೆ ಬಿಲ್ಲಿನಲ್ಲಿ ವಿವರ ಬರುವುದಿಲ್ಲ. ಸದ್ದಂತೂ ಇಲ್ಲವೇ ಇಲ್ಲ. ಬೀಳಗಿಯ ಸಭೆಯಿಂದ ಬಂದ ದಿನವೇ ಅವನು ಮೋಡೆಮ್ಮಿನ ಸ್ಪೀಕರನ್ನು ಬಂದ್ ಮಾಡಿ, ಆ ಆಜ್ಞೆಯನ್ನು ಪೆಟ್ಟಿಗೆಯ ನೆನಪಿನಲ್ಲಿ ಕಾಯಮ್ಮಾಗಿ ಬರೆಸಿದ್ದ. ಆಮೇಲೆ ಅವನ ಕೋಣೆಯಲ್ಲಿ ಅದು ಒಂದು ಸಲವೂ ಕಿರ್ರ್ ಎಂದಿರಲಿಲ್ಲ. ಕರೆ ಬಂದರೆ ತಾನೇ ಎತ್ತಿಕೊಳ್ಳುತ್ತಿತ್ತು. ಕೋಣೆಯಲ್ಲಿದ್ದವರಿಗೆ ಕಾಣುವುದು ಕೆಂಪು ದೀಪಗಳಷ್ಟೇ.

ಸೆಪ್ಟೆಂಬರ್ ಕೊನೆಯ ವಾರ ಆರಿಸಿದ. ಅದು ತಿದ್ದುಪಡಿಗಳ ಸುಗ್ಗಿ, ದಿನಕ್ಕೆ ನಲವತ್ತು ಐವತ್ತು ಬರುತ್ತಿದ್ದವು. ಬೆಳಿಗ್ಗೆ ಹತ್ತೂವರೆಗೆ ಸಾಲು ಬದಲಿಸಿದ. ಹನ್ನೊಂದಕ್ಕೆ ದೀಪಗಳು ಹೊತ್ತಿದವು, ರಂಜನಾ ಬಂದಳು. ಹನ್ನೊಂದು ಇಪ್ಪತ್ತೆರಡಕ್ಕೆ ಪ್ಲಗ್ಗು ಕಿತ್ತಳು. ಇಪ್ಪತ್ನಾಲ್ಕಕ್ಕೆ ಶಶಿಕಾಂತ ಎರಡನೇ ಮೋಡೆಮ್ಮಿನಿಂದ ಕರೆದ. ಪರದೆಯ ಮೇಲೆ ರಂಜನಾ ಬಿಟ್ಟುಹೋದ ಪುಟ ಹಾಗೇ ಇತ್ತು. ಇಪ್ಪತ್ತಾರಕ್ಕೆ ಪಾಂಡಪ್ಪನ ತಾರೀಖು ಬದಲಾಯಿತು. ಆಮೇಲೆ ರಂಜನಾ ಎಂದೂ ಮಾಡದ್ದನ್ನು ಅವಳ ಹೆಸರಿನಲ್ಲಿ ಮಾಡಿದ: ಮರ್ಯಾದೆಯಿಂದ ಹೋಗಿಬರುತ್ತೇನೆಂದು ಹೇಳಿ ಹೊರಬಂದ. ಕಡತದ ಸಾಲನ್ನು ಮೊದಲಿನಂತೆ ಮಾಡಿದ. ಚಹಾ ತರಿಸಿ ಕುಡಿದ.

ಆ ಪಟ್ಟಿಯಲ್ಲೇ ಎರಡು ಸಾಲು ಕೆಳಗೆ ಹೊಳೆವ್ವನ ಹೆಸರಿತ್ತು. ಪಾಳಿ ಡಿಸೆಂಬರ್ ಎರಡನೇ ವಾರ. ಅವನು ಅದನ್ನು ಮುಟ್ಟಲಿಲ್ಲ. ಹೆತ್ತ ತಾಯಿಯೆಂದು ಒಂದು ದಿನವೂ ಹಿಂದೆ ಮುಂದೆ ಮಾಡದ ತನ್ನ ಪ್ರಾಮಾಣಿಕತೆಯನ್ನು ಅವನು ಮನಸ್ಸಿನಲ್ಲೇ ಮೆಚ್ಚಿಕೊಂಡ.

ದಸರೆಗೆ ಬಾ ಎಂದು ಅವ್ವ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದಳು. ಕೆಲಸವಿದೆ ಎಂದು ಇವನು ಹೇಳಿ ಕಳಿಸಿದ. ನಾಗರಪಂಚಮಿಯ ಮೇಲೆ ಅವನು ಆ ಕಡೆ ಹೋಗಿರಲಿಲ್ಲ. ಪಾಂಡಪ್ಪನ ಮುಖ ನೋಡುವುದು ಬೇಡವಾಗಿತ್ತು. ಅಣೆಕಟ್ಟಿನ ನೀರು ಈ ವರ್ಷ ಎಷ್ಟು ಮೀಟರಿಗೆ ಬಂತೆಂದು ಪತ್ರಿಕೆಯಲ್ಲಿ ದಿನವೂ ಓದುತ್ತಿದ್ದ, ಅಷ್ಟೇ.

ನವೆಂಬರ್ ಮೊದಲ ವಾರ, ದೀಪಾವಳಿಗೆ ಇನ್ನೂ ಎಂಟು ದಿನವಿರುವಾಗ, ಬೆಳಿಗ್ಗೆ ಒಂಬತ್ತೂವರೆಗೆ ಮೋಡೆಮ್ಮಿನ ದೀಪ ಹೊತ್ತಿತು. ಯಾರೋ ಕರೆದಿದ್ದರು. ಪೆಟ್ಟಿಗೆ ಎತ್ತಿಕೊಂಡಿತು. ಆದರೆ ಆಚೆ ಬದಿಯಲ್ಲಿ ಮೋಡೆಮ್ ಸಿಕ್ಕಿತೆಂದು ಹೇಳುವ ದೀಪ ಹೊತ್ತಲಿಲ್ಲ. ಕೆಲವು ಕ್ಷಣ ಹಾಗೇ ಇದ್ದು ಎಲ್ಲ ಆರಿತು.

ಒಂಬತ್ತೂವರೆಗೆ ಯಾವ ವಿಭಾಗ ಕಚೇರಿಯೂ ಕರೆಯುವುದಿಲ್ಲ. ರಾಂಗ್ ನಂಬರಿರಬೇಕೆಂದು ಶಶಿಕಾಂತ ತನಗೆ ತಾನೇ ಹೇಳಿಕೊಂಡ. ಮರುದಿನ ಅದೇ ಹೊತ್ತಿಗೆ ಮತ್ತೆ ಬಂತು. ಅದರ ಮರುದಿನವೂ ಬಂತು. ಮೂರನೆಯ ಸಲ ಆಚೆಯವರು ಬಹಳ ಹೊತ್ತು ಹಿಡಿದುಕೊಂಡಿದ್ದರು. ಶಶಿಕಾಂತ ಆ ದೀಪವನ್ನೇ ನೋಡುತ್ತ ಕೂತ.

ಯಾರೋ ಬಾಗಿಲು ತಟ್ಟಿ ನೋಡುತ್ತಿದ್ದಾರೆ. ಲೈನಿನ ರಹಸ್ಯ ತಿಳಿದ ಯಾರೋ ಇದ್ದಾರೆ. ಅವನಿಗೆ ಅನ್ನ ಸೇರಲಿಲ್ಲ. ಮೊದಲು ರಂಜನಾಳ ಮೇಲೆ ಅನುಮಾನ ಬಂತು. ಅವಳಿಗೆ ಫೋನು ಹಚ್ಚಿ ಸಹಜವಾಗಿ ಕೇಳಿದ.

"ರಂಜನಾ, ಮುಂಜಾನೆ ಲೈನ್ ಏನರ ಹಚ್ಚಿದ್ದಿ ಏನು?"

"ಇಲ್ರಿ ಸರ. ಒಂಬತ್ತೂವರಿಗೆ ನಮ್ಮ ಆಫೀಸ್ ಕೀಲಿನ ತಗದಿರೂದಿಲ್ರಿ."

ಮುಂಜಾನೆ ಎಂದು ಕೇಳಿದರೆ ಒಂಬತ್ತೂವರೆ ಎಂದೇ ಏಕೆ ಹೇಳಿದಳು? ಕಚೇರಿ ತೆರೆಯುವುದು ಹತ್ತಕ್ಕೆ, ಅದಕ್ಕೇ ಹೇಳಿರಬಹುದು. ಅಥವಾ ಬೇರೆ ಏನಾದರೂ ಇರಬಹುದು. ಅವನು ಒಂದು ರಾತ್ರಿಯನ್ನು ಈ ಲೆಕ್ಕದಲ್ಲೇ ಕಳೆದ. ಆಮೇಲೆ ನೆನಪಾದವನು ಪಾಂಡಪ್ಪನ ಅಕ್ಕನ ಮಗ ಸಂಜು. ಅವನು ಬನಹಟ್ಟಿಯಲ್ಲಿ ಕಂಪ್ಯೂಟರ್ ಕೋರ್ಸು ಮಾಡುತ್ತಿದ್ದಾನೆಂದು ಕೇಳಿದ್ದ. ರವಿವಾರ ಬಸ್ಸು ಹತ್ತಿ ಹೋದ. ನೂಲಿನ ಅಂಗಡಿಯ ಮಹಡಿಯ ಮೇಲೆ ಕ್ಲಾಸು. ಕೆಳಗಿನ ಓಣಿಯ ಮಗ್ಗಗಳ ಸದ್ದಿಗೆ ನೆಲ ಅದುರುತ್ತಿತ್ತು. ಸಂಜು ಅವನನ್ನು ಕಂಡು ಎದ್ದು ನಿಂತು ಕುರ್ಚಿ ಕೊಟ್ಟ.

"ಏನ್ ಕಲ್ಯಾಕತ್ತಿಪಾ?" ಎಂದ ಶಶಿಕಾಂತ.

"ಟೈಪಿಂಗ್ರಿ ಅಣ್ಣಾ. ಇನ್ನ ಆ ಕಡಿ ಕೈ ಕೂತಿಲ್ರಿ."

"ಮೋಡೆಮ್ ಅದು ಇದು?"

"ಅದೇನ್ರಿ ಅಣ್ಣಾ? ನೀವು ಅವತ್ತ ಸಭಾದಾಗ ತಂದಿದ್ರಲಾ, ಅದ?"

ಹೇಳಿ, ಹುಡುಗ ತುಟಿ ಕಚ್ಚಿ ನಗು ತಡೆದುಕೊಂಡ. ಶಶಿಕಾಂತನ ಕಿವಿ ಬಿಸಿಯಾದವು. ಏನೂ ಗೊತ್ತಿಲ್ಲದವನು ಇಷ್ಟು ಚೆನ್ನಾಗಿ ಏನೂ ಗೊತ್ತಿಲ್ಲದವನಂತೆ ಇರುವುದಿಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದ.

ಮರುದಿನ ಮೋಡೆಮ್ಮಿನ ಲೈನಿಗೆ ಒಂದು ಟೆಲಿಫೋನು ಸಿಕ್ಕಿಸಿ, ಒಂಬತ್ತರಿಂದ ಹತ್ತರವರೆಗೆ ಅದರ ಮೇಲೆ ಕೈಯಿಟ್ಟು ಕೂತ. ಕರೆ ಬಂದರೆ ತಾನೇ ಎತ್ತಿ, ಉಸಿರಾಡದೆ ಕೇಳಬೇಕು. ಆರು ದಿನ ಕೂತ. ಒಂದು ಕರೆಯೂ ಬರಲಿಲ್ಲ. ಅವನಿಗೆ ಇನ್ನಷ್ಟು ಭಯವಾಯಿತು. ಕರೆ ಮಾಡಿದವನಿಗೆ ತಾನು ಕಾಯುತ್ತಿರುವುದು ಸಹ ತಿಳಿದಿದೆ ಎಂದಾಯಿತಲ್ಲ.

ದೀಪಾವಳಿ ಮುಗಿದ ವಾರ ಪಾಳಿಯ ಪಟ್ಟಿಯನ್ನು ಫಲಕಕ್ಕೆ ಅಂಟಿಸಿದರು. ಎರಡೇ ದಿನಕ್ಕೆ ಪಾಂಡಪ್ಪ ಬಂದ. ಕಬ್ಬು ವಿಭಾಗದ ಮುಖ್ಯಾಧಿಕಾರಿ ಈರಪ್ಪ ಸಾಹೇಬರ ಕೋಣೆಯಲ್ಲಿ ವಿಚಾರಣೆ ಕೂಡಿತು. ರಂಜನಾಳನ್ನೂ ಬೀಳಗಿಯಿಂದ ಕರೆಸಿದ್ದರು. ಶಶಿಕಾಂತ ತಿದ್ದುಪಡಿಗಳ ಕಾಗದವನ್ನು ಮಡಿಕೆಯಾಗದಂತೆ ಹಿಡಿದು ತಂದ. ಅದರಲ್ಲಿ ಎಲ್ಲ ನಿಚ್ಚಳವಾಗಿತ್ತು: ರಂಜನಾ, ಬೀಳಗಿ ಲೈನು, ಹನ್ನೊಂದು ಇಪ್ಪತ್ತಾರು.

"ನಾ ಮಾಡಿಲ್ರಿ ಸಾಹೇಬ್ರ," ಎಂದಳು ರಂಜನಾ. ಕಣ್ಣಲ್ಲಿ ನೀರು ತುಂಬಿತು. "ಕಾಗದದಾಗ ಇದ್ದದ್ದ ಹೊಡದೇನಿ. ಅದಕ್ಕಿಂತ ಹೆಚ್ಚ ನಂಗ ಗೊತ್ತಿಲ್ರಿ."

ಕಾಗದ ಎಲ್ಲಿ? ಎರಡು ಕಡೆ ದಾಖಲೆ ಇದ್ದರೆ ಜಗಳ ಎಂದು ಈರಪ್ಪ ಸಾಹೇಬರೇ ಹಳೇ ನೋಂದಣಿ ಕಾಗದಗಳನ್ನು ಪ್ರತಿ ದಸರೆಗೆ ಬಾಯ್ಲರಿಗೆ ಹಾಕಿಸುತ್ತಿದ್ದರು. ರೈತನ ಕೈಯಲ್ಲಿರುವ ಚೀಟಿಯಲ್ಲಿ ನಂಬರು, ಎಕರೆ ಮಾತ್ರ. ಶಶಿಕಾಂತ ಇದನ್ನೆಲ್ಲ ಮೊದಲೇ ಎಣಿಸಿದ್ದ. ರಂಜನಾಳ ಅಳು ನೋಡಿ ಅವನಿಗೆ ಒಳಗೆ ಚುರ್ ಎಂದಿತು. ಒಂದು ತಾರೀಖು ತಪ್ಪಾಗಿ ಹೊಡೆದಳೆಂದು ಯಾರೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಸಮಾಧಾನ ಮಾಡಿಕೊಂಡ.

ಪಾಂಡಪ್ಪ ಜೋಳಿಗೆಯಿಂದ ಭಂಡಾರದ ಚೀಲ ತೆಗೆದು ಬಿಚ್ಚಿದ. ಅರಿಸಿನ ಅಂಗೈಯಲ್ಲಿ ಹಿಡಿದುಕೊಂಡ.

"ಬೀರಪ್ಪನ ಭಂಡಾರ ಹಿಡದ ಹೇಳತೇನ್ರಿ ಸಾಹೇಬ್ರ. ಹ್ವಾದ ವರ್ಸ ಸೀಗಿ ಹುಣ್ಣಿಮಿ ಮರದಿನಾ ನಾಟಿ ಮಾಡೇನಿ. ನೀವು ಬಂದ ಕಬ್ಬ ನೋಡ್ರಿ, ಅದರ ವಯಸ್ಸ ಅದ ಹೇಳತೈತಿ."

"ನಿನ್ನ ಕಬ್ಬ ನೋಡಿದ್ರ ಮೂರ ಸಾವಿರ ಮಂದಿ ಕಬ್ಬ ನೋಡಬೇಕಾಗತೈತಿ, ಪಾಂಡಪ್ಪ," ಎಂದರು ಈರಪ್ಪ ಸಾಹೇಬರು. "ನಿರ್ದೇಶಕರ ಮಂದಿ ಕಬ್ಬ ಮೊದಲ ಕಡೀತಾರ ಅಂತ ನೀವ ಒದರಾಡಿದ್ರಿ. ಅದಕ್ಕ ಮಸೀನ್ ತಂದ್ವಿ. ಈಗ ಅದರ ಮಾತ ಬ್ಯಾಡ ಅಂದ್ರ ಹೆಂಗ?"

ಪಾಂಡಪ್ಪ ಶಶಿಕಾಂತನ ಕಡೆ ತಿರುಗಿದ. ಅಂಗೈ ಚಾಚಿದ. "ನೀ ಹೇಳಪಾ ಶಶಿ. ಭಂಡಾರ ಮುಟ್ಟಿ ಹೇಳು. ಮಸೀನದಾಗ ಅದ ತಾರೀಖ ಐತ್ಯೋ?"

ಶಶಿಕಾಂತ ಅರಿಸಿನಕ್ಕೆ ಬೆರಳು ತಾಗಿಸಿದ. "ಮಸೀನದಾಗ ಫೆಬ್ರುವರಿ ಹದಿನಾಕ ಅಂತನ ಐತಿ, ಕಾಕಾ," ಎಂದ. ಅಕ್ಷರಶಃ ಖರೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆ ಮೂರು ಕರೆಗಳು ಅವನ ತಲೆಯಲ್ಲಿ ಕೂತಿದ್ದವು. ಬಾಗಿಲು ತಟ್ಟಿದವನು ನಾಳೆ ಒಳಗೆ ಬಂದರೆ? ಬಂದು ಹಳೇ ಜಾಡು ಕೆದಕಿದರೆ? ಎಲ್ಲ ಬಾಗಿಲುಗಳನ್ನೂ ಈಗಲೇ ಹಾಕಿಬಿಡಬೇಕು. ಅವನು ಸಾಹೇಬರಿಗೆ ಒಂದು ಸಲಹೆ ಕೊಟ್ಟ. ಇಂಥ ತಕರಾರು ಇನ್ನು ಬರಬಾರದೆಂದರೆ ಹೊರಗಿನ ಲೈನುಗಳನ್ನು ಹಂಗಾಮು ಮುಗಿಯುವವರೆಗೆ ಕಡಿದುಹಾಕಬೇಕು. ಪಟ್ಟಿಗೆ ಬೀಗ ಹಾಕಬೇಕು. ಬೀಗದ ಗುಪ್ತಪದವನ್ನು ಅಧ್ಯಕ್ಷರೇ ಬರೆಸಿ, ಲಕೋಟೆಗೆ ಅರಗಿನ ಮುದ್ರೆ ಒತ್ತಿ ತಿಜೋರಿಯಲ್ಲಿಡಬೇಕು. ತನಗೂ ಅದು ಗೊತ್ತಿರಬಾರದು. ತಾರೀಖು ಬದಲಿಸಬೇಕೆಂದರೆ ಸರ್ವಸಾಧಾರಣ ಸಭೆಯೇ ಆಗಬೇಕು. ಪಾಳಿ ತಪ್ಪಿಸಿಕೊಂಡವರು, ಯಾರೇ ಆಗಲಿ, ಪಟ್ಟಿಯ ಕೊನೆಗೆ ಹೋಗಬೇಕು.

"ನಿನಗೂ ಗೊತ್ತಿರಬಾರದು ಅಂತಿ?" ಎಂದರು ಈರಪ್ಪ ಸಾಹೇಬರು ಹುಬ್ಬೇರಿಸಿ.

"ನನಗ ಮೊದಲ ಗೊತ್ತಿರಬಾರದ್ರಿ ಸರ. ನಾಳಿ ಮಂದಿ ನನ್ನ ಮ್ಯಾಲೆ ಬಟ್ಟ ಮಾಡಬಾರದು."

ಸಾಹೇಬರು ಅವನನ್ನು ಮೊದಲ ಸಲ ನೋಡುವಂತೆ ನೋಡಿ, ಇಂಥವರು ಬೇಕು ಎಂದರು. ಸಂಜೆಯೊಳಗೆ ಆಜ್ಞೆ ಟೈಪಾಗಿ ಸಹಿಯಾಯಿತು. ಅದರ ಕೆಳಗೆ ಶಶಿಕಾಂತನ ಹೆಸರಿನ ಮುಂದೆ 'ಸಿಸ್ಟಮ್ ಅಧಿಕಾರಿ' ಎಂದಿತ್ತು.

ಪಾಂಡಪ್ಪ ಭಂಡಾರದ ಚೀಲ ಕಟ್ಟಿಕೊಂಡು ಹೊರಗೆ ಬಂದವನು ಮೆಟ್ಟಿಲ ಮೇಲೆ ನಿಂತ. ಸಿಟ್ಟು ಕಾಣಲಿಲ್ಲ. ದಣಿದಂತಿದ್ದ.

"ನಿನ್ನ ಕೈಯಾಗ ಇಲ್ಲಂದ್ರ ಹೋಗ್ಲಿ ಬಿಡು, ಶಶಿ. ಆದ್ರ ನಿಮ್ಮವ್ವಗ ನಾ ಏನಂತ ಹೇಳ್ಲಿ?"

ಶಶಿಕಾಂತ ತನ್ನ ಕೋಣೆಯ ಕಡೆ ತಿರುಗಿ ನಡೆದ. ಗೆಲ್ಲಲಾಗದವನು ತಾಯಿಯ ಹೆಸರು ಎತ್ತಿ ಚುಚ್ಚುತ್ತಿದ್ದಾನೆ, ಊರಲ್ಲಿ ಹೋಗಿ ಅವ್ವನ ಮುಂದೆ ಅತ್ತು ಕರೆಯುವ ಬೆದರಿಕೆ ಹಾಕುತ್ತಿದ್ದಾನೆ ಎಂದುಕೊಂಡ. ಆ ರಾತ್ರಿ ಎರಡು ವಾರದಿಂದ ಇಲ್ಲದ ನಿದ್ದೆ ಬಂತು.

ಡಿಸೆಂಬರ್ ಹದಿನೈದಕ್ಕೆ, ಮಧ್ಯಾಹ್ನದ ಪಾಳಿಯ ಸೀಟಿ ಹೊಡೆದ ಹೊತ್ತಿಗೆ, ಹೊಳೆವ್ವ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ರೊಟ್ಟಿಗಂಟು. ಸೀರೆಯ ಅಂಚಿಗೆ ಹೊಸ ಮನೆಯ ಗೋಡೆಯ ಸಿಮೆಂಟು ಅಂಟಿತ್ತು. ಅವಳು ಕಾರ್ಖಾನೆಗೆ ಬಂದದ್ದು ಇದೇ ಮೊದಲು.

"ಗ್ಯಾಂಗ್ ಬಂದಿತ್ತಪಾ," ಎಂದಳು. "ಹೊಳ್ಳಿ ಹೋತು. ನಿನ್ನಿಗಿ ನಮ್ಮ ಪಾಳಿ ಮುಗೀತು. ಇನ್ನ ಕಡೀಕ ಅಂತ ಚೀಟಿ ಕೊಟ್ರು."

ಕಡಿಯುವ ಗ್ಯಾಂಗಿನವರಿಗೆ ಕೈಬಿಸಿ ಬೇಕಾಗಿರಬೇಕು ಎಂದು ಶಶಿಕಾಂತನಿಗೆ ಸಿಟ್ಟು ಏರಿತು. "ಯಾಕ ಹೋತು? ಯಾವನವ ಗ್ಯಾಂಗಿನವ? ಹೆಸರ ಹೇಳು, ಈಗ ಸಾಹೇಬ್ರಿಗೆ ಹೇಳಿ ಕೆಲಸದಿಂದ ತಗಸತೇನಿ" ಎನ್ನುತ್ತ ಎದ್ದು ನಿಂತ. ಹೊಳೆವ್ವ ಕೂಡು ಎಂದು ಕೈ ಮಾಡಿದಳು.

"ಅವರದೇನ ತಪ್ಪೋ? ಬಂಡಿ ಎಲ್ಲಿಂದ ತರಬೇಕವರು? ದಸರಾದಾಗನ ಹೊಳಿ ದಂಡಿ ದಾರಿ ನೀರ ಹೊಕ್ಕೈತಿ, ಮಾರನಮಿ ದಿನಾ ನೋಡೂದ್ರಾಗ ಹೊಲದ ಬದುವಿನ ತನಕಾ ಬಂತು. ಕರೆಂಟಿನ ಕಂಬಾನೂ ಕಿತ್ತಾರ, ಇನ್ನ ನೀರೆತ್ತಾಕ ಮೋಟಾರಿಲ್ಲ, ಮಾರ್ಚಿಗಂದ್ರ ಕಬ್ಬ ಒಲಿಗೆ. ಪಾಂಡಪ್ಪ ತಾನಾಗೇ ಮನಿಗೆ ಬಂದಾ, ದೇವರಂಥವಾ. ಅಕ್ಕಾ, ನಂದು ನವಂಬರದಾಗ ಕಡೀತಾರ, ಕಡದ ಮ್ಯಾಲೆ ನನ್ನ ಹೊಲದಾಗಿಂದ ನಿನ್ನ ಬಂಡಿ ದಾಟಸ್ಕೋ, ಛತ್ ಹಾಕಸ್ಕೋ ಅಂದಾ. ಅವನ ಕಬ್ಬ ನಿಂತರ ನಮ್ದೂ ನಿಂತಂಗ ಅಂತ ನಿನಗ ಹೇಳಬೇಕಂತ ಬೂತಿಗೆ ಹೋಗಿ, ನೀ ಬಾಗಲಾ ಹಿಂದ ಬರದ ನಂಬರ ಹಚ್ಚಿಸಿದ್ನಿ. ಅವನ ಪಾಳಿ ಮಾತ್ರ ತಪ್ಪದಂಗ ನೋಡ್ಕೋ ಅಂತ ಇಷ್ಟ ಹೇಳೂದಿತ್ತು. ಒಂದಲ್ಲ, ಮೂರ ದಿನಾ ಮುಂಜಾನಿ ಎದ್ದ ಹೋಗಿ ಹಚ್ಚಿಸಿದ್ನಿ, ಶಶಿ. ಕಡೀ ದಿನಾ ನೀ ಮಾತಾಡ್ತಿ ಅಂತ ಬಾಳೊತ್ತ ಹಿಡಕೊಂಡ ನಿಂತಿದ್ನಿ. ಮೂರೂ ದಿನಾ ಕಿವ್ಯಾಗ ಕಿರ್ರ್ ಅಂತೋ ಯಪ್ಪಾ."